ಇದೆಯಪ್ಪನ ಟ್ರಂಕು

ಅವರ ನಿಜವಾದ ಹೆಸರು ಅಂಗಡಿಯ ಪರವಾನಗಿಯಲ್ಲಿ ಮಾತ್ರ ಇತ್ತು. ಬೀದಿಗೆಲ್ಲ ಅವರು ಇದೆಯಪ್ಪ. ಗಿರಾಕಿ ಮೆಟ್ಟಿಲ ಮೇಲೆ ಕಾಲಿಟ್ಟು ಏನೇ ಕೇಳಲಿ, ಅರ್ಧ ಇಂಚಿನ ಮೊಳೆಯೋ, ಹಳೇ ಮಾದರಿಯ ಬಾಗಿಲ ಕೀಲೋ, ಕೋಳಿಗೂಡಿಗೆ ಬಡಿಯುವ ಜಾಲರಿಯೋ, ಕೇಳುವವರ ಮಾತು ಮುಗಿಯುವ ಮೊದಲೇ "ಇದೆಯಪ್ಪಾ" ಎನ್ನುವುದು ಅವರ ರೂಢಿ. ಇಲ್ಲದಿದ್ದರೂ ಇದೆ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹವಾಮಾನದ ಮಾತು ತೆಗೆದು, ಹಿಂಬಾಗಿಲಿನಿಂದ ಮಗನನ್ನು ಓಡಿಸಿ, ಪಕ್ಕದ ಬೀದಿಯ ಅಂಗಡಿಯಿಂದಾದರೂ ತರಿಸಿ ಕೊಡುತ್ತಿದ್ದರು. "ಇಲ್ಲ" ಎಂಬ ಮಾತು ಒಮ್ಮೆ ಬಾಯಿಂದ ಹೊರಟರೆ ಗಿರಾಕಿಯೂ ಅದರ ಹಿಂದೆಯೇ ಹೊರಟುಹೋಗುತ್ತಾನೆ ಎಂದು ಅವರಪ್ಪ ಹೇಳಿಕೊಟ್ಟಿದ್ದರು.

ಅಪ್ಪ ಹೇಳಿಕೊಟ್ಟ ಇನ್ನೊಂದು ಪಾಠ, ಪ್ಯಾಕಿಂಗ್ ಒಡೆಯಬೇಡ ಎಂಬುದು. ಬಾಯಿ ತೆರೆದ ಪೊಟ್ಟಣಕ್ಕೂ ಬಾಯಿ ತೆರೆದ ಗುಟ್ಟಿಗೂ ಪೇಟೆಯಲ್ಲಿ ಬೆಲೆ ಇಲ್ಲ. ಈ ಪಾಠ ಅಂಗಡಿಯಿಂದ ಮೆಟ್ಟಿಲು ಹತ್ತಿ ಮೇಲಿನ ಮನೆಯವರೆಗೂ ಬಂದಿತ್ತು. ಫ್ರಿಜ್ಜಿನ ಬಾಗಿಲಿಗೆ ತಂದ ದಿನದ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿತ್ತು. ಗೋಡೆ ಗಡಿಯಾರ ತನ್ನ ರಟ್ಟಿನ ಮೂಲೆಗಳ ಸಮೇತ ನೇತಾಡುತ್ತಿತ್ತು. "ಮದುವೆಯಾದ ಹೊಸದರಲ್ಲಿ ನನ್ನನ್ನೂ ಪ್ಯಾಕಿಂಗ್ ಸಮೇತ ಇಟ್ಕೊಳ್ಳೋಕೆ ನೋಡಿದ್ರು, ನಾನೇ ಹರ್ಕೊಂಡು ಬಂದೆ" ಎಂದು ಅವರ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಮನೆ. ಬೀದಿಯ ಕೊನೆಗೆ ಹೊಳೆಯ ಒಡ್ಡು. ಹಿಂದಿನ ಮಳೆಗಾಲ ಆ ಒಡ್ಡಿನ ಮೇಲಿಂದ ನೀರು ಇಳಿದು ಬಂದು ಅಂಗಡಿಯ ಕೆಳಗಿನ ಖಾನೆಗಳನ್ನೆಲ್ಲ ನುಂಗಿತ್ತು. ದೋಣಿಯವರು ಬಂದು ಕಿಟಕಿಯ ಕೆಳಗೆ ನಿಂತು ಕರೆದರು. ಮಾಲು ಬಿಟ್ಟು ಬರುವುದಿಲ್ಲ ಎಂದರು ಇದೆಯಪ್ಪ. ಅಪ್ಪನನ್ನು ಬಿಟ್ಟು ಮಗ ಹೊರಡಲಿಲ್ಲ, ಗಂಡನನ್ನು ಬಿಟ್ಟು ಸೊಸೆ ಹೊರಡಲಿಲ್ಲ. ಹೊರಡದ ಸೊಸೆ ತುಂಬಿದ ಬಸುರಿ. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಅಡಿಗೆ ಗ್ಯಾಸೂ ಖಾಲಿ, ಕೊನೆಗೆ ಬೆಂಕಿಕಡ್ಡಿಯೂ ಒದ್ದೆ. ನೀರು ಇಳಿಯುವ ಹೊತ್ತಿಗೆ ಅವಳು ಬಿಸ್ಕತ್ತನ್ನು ಕಂಡರೆ ಮುಖ ತಿರುಗಿಸುವಂತಾಗಿದ್ದಳು.

ಈಗ ಕೂಸು ಬಂದಿದೆ, ಮಳೆಗಾಲವೂ ಬಾಗಿಲಿಗೆ ಬಂದಿದೆ. ಸೊಸೆ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ನಡುಗುವ ಕೈಗೆ ಸ್ಟೇರಿಂಗ್ ಕೊಟ್ಟು, ಪಕ್ಕದಲ್ಲಿ ಕೂತು, ಸಂತೆಬೀದಿಯಲ್ಲಿ ಹಾಯಿಸಿಕೊಂಡು ಬರುವವಳಿಗೆ ಕೂಗಾಡುವ ಅಭ್ಯಾಸವಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ತಣ್ಣಗೆ ವಿಷಯ ಹೇಳಿದಳು. ದಿಬ್ಬದ ಮೇಲಿನ ಪೇಟೆಯಲ್ಲಿ ಅವಳ ಅಣ್ಣನ ಮನೆ ಇದೆ, ಕೆಳಗೆ ಬೇಕರಿ, ಮೇಲೆ ಎರಡು ಕೋಣೆ. ಮಳೆ ಮುಗಿಯುವವರೆಗೆ ಕೂಸನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ ಎಂದಳು.

ಇದೆಯಪ್ಪ ತಟ್ಟೆ ಸರಿಸಿ ನೀರಿನ ಲೋಟ ಎತ್ತಿದರು. ಮಳೆ ಮುಗಿಯುವವರೆಗೆ ಎಂದು ಹೋದವರು ಚಳಿ ಮುಗಿಯಲಿ ಎನ್ನುತ್ತಾರೆ, ಆಮೇಲೆ ಮಗ ಸಂಜೆ ಸಂಜೆ ಅಲ್ಲಿಗೆ ಹೋಗಿಬರುತ್ತಾನೆ, ಆಮೇಲೆ ಬರುವುದನ್ನೇ ಬಿಡುತ್ತಾನೆ. ಕೂಸು ಮೊದಲ ಹೆಜ್ಜೆ ಇಡುವುದನ್ನು ತಾವು ಯಾರದೋ ಮೊಬೈಲಿನಲ್ಲಿ ನೋಡಬೇಕಾಗುತ್ತದೆ. ಇಷ್ಟನ್ನೂ ಅವರು ಒಂದು ಗುಟುಕು ನೀರು ಕುಡಿಯುವುದರೊಳಗೆ ಯೋಚಿಸಿ ಮುಗಿಸಿದರು. ಬಾಯಲ್ಲಿ ಹೇಳಿದ್ದು ಮಾತ್ರ, ಈ ಸಲ ಮೊದಲೇ ಎಲ್ಲ ತಯಾರಿ ಮಾಡೋಣ, ಹಾರ್ಡ್‌ವೇರ್ ಅಂಗಡಿ ಇಟ್ಟವರ ಮನೆಯಲ್ಲಿ ಸಾಮಾನಿಗೆ ಬರವೇ ಎಂದು.

"ಸಾಮಾನಿಗೆ ಹೋದ ವರ್ಷವೂ ಬರ ಇರಲಿಲ್ಲ ಮಾವ" ಎಂದಳು ಸೊಸೆ. "ಸರಿ, ಒಂದು ಕೆಲ್ಸ ಮಾಡೋಣ. ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟು, ನೀರು, ಅಡಿಗೆ ಗ್ಯಾಸು, ಕೆಳಗಿನ ಅಂಗಡಿ, ನಾಲ್ಕೂ ಇಲ್ಲ ಅಂದ್ಕೊಳ್ಳೋಣ. ಕೂಸಿಗೆ ಹೊತ್ತಿಗೆ ಸರಿಯಾಗಿ ಹಾಲು ಸಿಕ್ಕಿದ್ರೆ ನಾನು ಎಲ್ಲಿಗೂ ಹೋಗಲ್ಲ. ಸಿಗದಿದ್ರೆ ಆವತ್ತೇ ಅಣ್ಣನ ಜೊತೆ ಹೊರಟೆ."

ಇದೆಯಪ್ಪ ಒಪ್ಪಿದರು. ಅವರ ಮಟ್ಟಿಗೆ ಆಗಲೇ ಗೆದ್ದಾಗಿತ್ತು.

ಮರುದಿನದಿಂದ ಸಾಮಾನು ಆರಿಸುವ ಕೆಲಸ ಶುರು. ಗಿರಾಕಿಗಳಿಗೆ ಆರಿಸಿಕೊಡುವಾಗ ಅವರು ಹಾಕುವ ಪ್ರಶ್ನೆಗಳು ಬೀದಿಗೆಲ್ಲ ಗೊತ್ತಿದ್ದವು: ಎಲ್ಲಿ ಬಳಸ್ತೀರಿ, ಯಾರು ಬಳಸ್ತಾರೆ, ಎಷ್ಟು ದಿನಕ್ಕೆ? ತಮ್ಮ ಮನೆಗೆ ಆರಿಸುವಾಗ ಈ ಮೂರೂ ಪ್ರಶ್ನೆ ಮರೆತುಹೋದವು. ಕಣ್ಣಿಗೆ ಕಂಡದ್ದರಲ್ಲಿ ದೊಡ್ಡದು, ಅದರಲ್ಲೂ ಒಳ್ಳೆಯದು, ಅಷ್ಟೆ. ಟಾರ್ಚು ಬೇಕೆಂದಾಗ ಮೊಳಕೈ ಉದ್ದದ್ದನ್ನೇ ಎತ್ತಿದರು. ಅದರ ಬೆಳಕು ಹೊಳೆಯ ಆಚೆ ದಡ ಮುಟ್ಟುತ್ತದೆಯಂತೆ. ಆಚೆ ದಡದಲ್ಲಿ ಯಾರಿದ್ದಾರೆ, ನಮಗೆ ಬಚ್ಚಲು ಕಂಡರೆ ಸಾಲದೇ ಎಂದು ಹೆಂಡತಿ ಕೇಳಿದರು. ನೀರಿಗೆ ಅವರು ತಂದದ್ದು ಆಳೆತ್ತರದ ನೀಲಿ ಡ್ರಮ್ಮು. ಸಣ್ಣ ಸಣ್ಣ ಕ್ಯಾನು ತನ್ನಿ, ತುಂಬಿದ ಡ್ರಮ್ಮನ್ನು ಬಗ್ಗಿಸಲು ನಿಮ್ಮಪ್ಪ ಬರುತ್ತಾರೆಯೇ ಎಂದರು ಹೆಂಡತಿ. ಅದಕ್ಕೆ ಕೆಳಗಡೆ ಬಿರಡೆ ಕಿತ್ತು ನಲ್ಲಿ ಕೂರಿಸುವ ತೂತಿದೆ ಎಂದು ಇದೆಯಪ್ಪ ತೋರಿಸಿ, ಹಿತ್ತಾಳೆಯ ನಲ್ಲಿಯೊಂದನ್ನು ಪೊಟ್ಟಣದ ಸಮೇತ ಟ್ರಂಕಿಗೆ ಹಾಕಿದರು.

ಟ್ರಂಕು ಎಂದರೆ ತವರದ ದೊಡ್ಡ ಟ್ರಂಕು, ಮಹಡಿಯ ಒಳಕೋಣೆಯಲ್ಲಿ ಮರದ ಹಲಗೆಗಳ ಮೇಲೆ ಎತ್ತರಕ್ಕೆ ಇಟ್ಟದ್ದು. ಅದರೊಳಗೆ ಡಬ್ಬಿ ಗ್ಯಾಸಿನ ಪುಟ್ಟ ಒಲೆ ಬಂತು. ತಲೆಗೆ ಕಟ್ಟುವ ದೀಪ, ಹಿಡಿ ತಿರುಗಿಸಿದರೆ ಮಾತಾಡುವ ರೇಡಿಯೋ, ನೈಲಾನ್ ಹಗ್ಗ, ಸೀಟಿ, ಗಾಯದ ಪೆಟ್ಟಿಗೆ, ನೀರಿಗೆ ಹಾಕುವ ಮಾತ್ರೆ, ಮೇಣದಬತ್ತಿಯ ಕಟ್ಟುಗಳು, ಬೇಯಿಸಿದ ಕಾಳಿನ ಡಬ್ಬಿಗಳು, ಹಾಲಿನ ಪುಡಿ. ಮುಚ್ಚಳವಿರುವ ಬಕೆಟ್ಟೊಂದನ್ನು ಹೆಂಡತಿ ತಾವಾಗಿ ತಂದಿಟ್ಟರು. ಇದೇಕೆ ಎಂದು ಗಂಡ ಕೇಳಿದ್ದಕ್ಕೆ, ಹೋದ ವರ್ಷ ನೀವು ಕಿಟಕಿಯಲ್ಲಿ ನಿಂತದ್ದನ್ನು ಎದುರು ಮನೆಯವರು ಇನ್ನೂ ಮರೆತಿಲ್ಲ ಎಂದರು. ಎಲ್ಲವೂ ಹೊಸದು, ಎಲ್ಲವೂ ಪ್ಯಾಕಿಂಗಿನಲ್ಲಿ. ಇದೆಯಪ್ಪ ದಿನಕ್ಕೊಮ್ಮೆ ಮುಚ್ಚಳ ತೆರೆದು, ಮದುವೆಗೆ ತಂದ ಸೀರೆ ನೋಡುವವರ ಹಾಗೆ ನೋಡಿ, ಮತ್ತೆ ಮುಚ್ಚುತ್ತಿದ್ದರು.

ಆ ಭಾನುವಾರ ಬಂತು. ಬೇಕರಿಯ ಅಣ್ಣ ರಾತ್ರಿಯಿಡೀ ಒಲೆಯ ಮುಂದೆ ನಿಂತು, ಬೆಳಗ್ಗೆ ನೇರ ಇಲ್ಲಿಗೆ ಬಂದಿದ್ದರು. ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ತಂಗಿಯ ಬಟ್ಟೆಯ ಚೀಲಗಳು ಆಗಲೇ ಅವರ ವ್ಯಾನಿನಲ್ಲಿ ಕೂತಿದ್ದವು. ಮೆಟ್ಟಿಲ ಮೇಲಿನ ಕುರ್ಚಿಯಲ್ಲಿ ಕೂತವರು ಕೂತಲ್ಲೇ ಕಣ್ಣು ಮುಚ್ಚಿದರು. ಸೊಸೆ ಮೇನ್ ಸ್ವಿಚ್ ಇಳಿಸಿದಳು, ಟ್ಯಾಂಕಿನ ವಾಲ್ವು ತಿರುಗಿಸಿದಳು, ಅಡಿಗೆಮನೆಯ ಸಿಲಿಂಡರು ಬಂದ್ ಮಾಡಿದಳು, ಅಂಗಡಿಗೆ ಇಳಿಯುವ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲು ಇಟ್ಟಳು. ಇದರ ಕೆಳಗೆ ನೀರು, ಯಾರೂ ಇಳಿಯುವಂತಿಲ್ಲ ಎಂದಳು.

ಇದೆಯಪ್ಪನವರಿಗೆ ಎದೆಯೊಳಗೆ ಒಂದು ಸಣ್ಣ ಅಳುಕಿತ್ತು. ಎರಡು ದಿನದ ಹಿಂದೆ ಬೆಟ್ಟ ಹತ್ತಲು ಹೊರಟ ಹುಡುಗರ ಗುಂಪೊಂದು ಅಂಗಡಿಗೆ ಬಂದು ಡಬ್ಬಿ ಗ್ಯಾಸಿನ ಒಲೆ ಕೇಳಿತ್ತು. ಖಾನೆಯಲ್ಲಿದ್ದದ್ದು ಮುಗಿದಿತ್ತು. ಬಾಯಿ ತನ್ನಷ್ಟಕ್ಕೆ "ಇದೆಯಪ್ಪಾ" ಎಂದುಬಿಟ್ಟಿತ್ತು, ಕಾಲು ತನ್ನಷ್ಟಕ್ಕೆ ಮಹಡಿ ಹತ್ತಿಬಿಟ್ಟಿತ್ತು. ಸೋಮವಾರ ಹೊಸ ಮಾಲು ಬರುತ್ತದೆ, ಹಾಗೇ ತಂದಿಟ್ಟರಾಯಿತು ಎಂದುಕೊಂಡಿದ್ದರು. ಪರೀಕ್ಷೆ ಸೋಮವಾರಕ್ಕಿಂತ ಮೊದಲು ಬರುತ್ತದೆ ಎಂಬುದು ಆಗ ನೆನಪಾಗಿರಲಿಲ್ಲ. ಹೋದದ್ದು ಒಲೆ ಒಂದೇ ತಾನೆ, ಹೇಗೋ ಸುಧಾರಿಸಬಹುದು ಎಂದು ಧೈರ್ಯ ತಂದುಕೊಂಡು ಮುಚ್ಚಳ ಎತ್ತಿದರು.

ಟ್ರಂಕಿನಲ್ಲಿ ಒಲೆ ಇರಲಿಲ್ಲ. ತಲೆಗೆ ಕಟ್ಟುವ ದೀಪವೂ ಇರಲಿಲ್ಲ. ಉದ್ದದ ಟಾರ್ಚಿತ್ತು, ಅದರ ಸೆಲ್ಲುಗಳಿರಲಿಲ್ಲ. ಹಗ್ಗದ ಸುರುಳಿ ಅರ್ಧಕ್ಕರ್ಧ ಸಣ್ಣದಾಗಿತ್ತು. ಅವರು ಮಗನ ಮುಖ ನೋಡಿದರು. ಮಗ ಕೂಸಿನ ಟೋಪಿಯ ದಾರ ಬಿಚ್ಚುವುದರಲ್ಲಿ ಮುಳುಗಿದ್ದ.

"ನೀನಾ?"

"ಗಿರಾಕಿ ಕಾಯ್ತಾ ಇದ್ರು ಅಪ್ಪ" ಎಂದ ಮಗ. "ಇಲ್ಲ ಅನ್ನೋದು ಹೇಗೆ? ನಾಳೆ ತಂದಿಡೋಣ ಅಂತಿದ್ದೆ."

ಮಗನನ್ನು ಬೈಯಲು ಬಾಯಿ ತೆರೆದವರಿಗೆ ಒಲೆಯ ನೆನಪಾಗಿ ಬಾಯಿ ಮುಚ್ಚಿತು. ಡ್ರಮ್ಮಾದರೂ ಇದೆಯಲ್ಲ ಎಂದು ಆ ಕಡೆ ತಿರುಗಿದರು. ಬಾಯಿಮಟ್ಟ ತುಂಬಿದ ಡ್ರಮ್ಮು ಗುಡ್ಡದ ಹಾಗೆ ನಿಂತಿತ್ತು. ನಲ್ಲಿ ಹುಡುಕಿದರು. ಟ್ರಂಕಿನ ತಳದವರೆಗೆ ಕೈಯಾಡಿಸಿದರು. ಆಗ ಹೆಂಡತಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತ, ನೀವು ಮಧ್ಯಾಹ್ನ ಮಲಗಿದ್ದಾಗ ಅಂಗಡಿಯಲ್ಲಿ ನಾನೇ ಕೂತಿದ್ದೆ, ಕೊಳಾಯಿ ರಿಪೇರಿಯವನು ಅವಸರದಲ್ಲಿ ಬಂದಿದ್ದ ಎಂದರು. ಅಷ್ಟು ಹೇಳಿ ಅವರಿಗೇ ನಗು ತಡೆಯಲಾಗಲಿಲ್ಲ. ಒಂದೇ ಟ್ರಂಕಿಗೆ ಮೂರು ಜನ ಕಳ್ಳರು, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ!

ಸೊಸೆ ನಗಲಿಲ್ಲ, ಮುನಿಯಲೂ ಇಲ್ಲ. "ಮಾವ, ಇದು ಟ್ರಂಕಲ್ಲ. ಮಹಡಿ ಮೇಲಿರೋ ನಿಮ್ಮಂಗಡಿ ಖಾನೆ" ಎಂದಳು.

ಕೆಳಗಿನಿಂದ ಈಗಲೇ ತರುತ್ತೇನೆ, ಒಂದು ನಿಮಿಷ ಎಂದು ಇದೆಯಪ್ಪ ಎದ್ದರು. ಅವಳು ಬಾಗಿಲಿಗಿಟ್ಟ ಸ್ಟೂಲನ್ನು ಕಣ್ಣಲ್ಲೇ ತೋರಿಸಿದಳು. ಅವರು ಮತ್ತೆ ಕೂತರು.

ಆದರೂ ಸಂಜೆಯವರೆಗೆ ಹೊತ್ತಿತ್ತು, ಸೋಲೊಪ್ಪುವ ಜಾತಿ ಅವರದಲ್ಲ. ಕೂಸಿನ ಹಾಲಿನ ಹೊತ್ತಿಗೆ ಮೊದಲೇ ಅವರು ಮಹಡಿಯ ಮೂಲೆಯಲ್ಲಿದ್ದ ಖಾಲಿ ಬಣ್ಣದ ಡಬ್ಬಿಯೊಂದಕ್ಕೆ ಸುತ್ತ ತೂತು ಹೊಡೆದು, ಒಳಗೆ ಮೇಣದಬತ್ತಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಪಾತ್ರೆ ಇಟ್ಟರು. ಮಗ ಸ್ಟೂಲಿಲ್ಲದ್ದಕ್ಕೆ ಟ್ರಂಕನ್ನೇ ಏರಿ ಡ್ರಮ್ಮಿನೊಳಗೆ ಲೋಟ ಇಳಿಸಿ ನೀರು ಮೊಗೆದ. ಡಬ್ಬಿ ಹೊಗೆಯಾಡಿತು, ಬೆರಳು ಸುಟ್ಟಿತು, ಗೋಡೆಗೆ ಮಸಿ ಹತ್ತಿತು. ನೀರು ಮಾತ್ರ ಬಿಸಿಯಾಗಲು ಕಳ್ಳಬಿದ್ದಿತು. ಕೂಸು ಮೊದಲು ಕೈ ಚೀಪಿತು, ಆಮೇಲೆ ಅತ್ತಿತು, ಆಮೇಲೆ ಮೆಟ್ಟಿಲ ಮೇಲಿದ್ದ ಬೇಕರಿಯ ಸೋದರಮಾವನೂ ಎಚ್ಚರಾಗಿ ಇಣುಕುವಷ್ಟು ಕಿರುಚಿತು. ಕಡೆಗೂ ನೀರು ಕುದಿಯಿತು. ಆರಿಸಿ, ಪುಡಿ ಕಲಸಿ, ಬಾಟಲಿ ತುಂಬಿ, ಗೆದ್ದವರಂತೆ ಇದೆಯಪ್ಪ ತಾವೇ ಕೂಸಿನ ಬಾಯಿಗಿಟ್ಟರು.

ಕೂಸು ಒಂದು ಗುಟುಕು ಎಳೆದು, ಮುಖ ಕಿವುಚಿ, ಉಗಿಯಿತು. ಮತ್ತೆ ಇಟ್ಟರು, ಮತ್ತೆ ಉಗಿಯಿತು. ಸೊಸೆ ಬಾಟಲಿ ಇಸಿದುಕೊಂಡು ನಾಲಗೆಗೆ ಎರಡು ಹನಿ ಬಿಟ್ಟುಕೊಂಡು, ಮಾವನ ಅಂಗೈಗೂ ಎರಡು ಹನಿ ಬಿಟ್ಟಳು. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಡ್ರಮ್ಮನ್ನು ಒಮ್ಮೆಯೂ ತೊಳೆದಿರಲಿಲ್ಲ. ತೊಳೆದರೆ ಅದರ ಲೇಬಲ್ಲು ಕಿತ್ತುಹೋಗುತ್ತದೆಂದು ಇದೆಯಪ್ಪನವರೇ ಬೇಡವೆಂದಿದ್ದರು.

ಅವಳು ತನ್ನ ಕೈಚೀಲದಿಂದ ಒಂದು ಫ್ಲಾಸ್ಕ್ ತೆಗೆದಳು. ಬೆಳಗ್ಗೆಯೇ ಕುದಿಸಿ ತುಂಬಿದ್ದ ನೀರು, ಅದರಲ್ಲಿ ಹೊಸದಾಗಿ ಪುಡಿ ಕಲಸಿ ಕೊಟ್ಟಳು. ಕೂಸು ಗಟಗಟ ಕುಡಿದು ಅಲ್ಲೇ ನಿದ್ದೆ ಹೋಯಿತು.

"ಕಲಿಯೋರ ಕಾರಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕಿರುತ್ತೆ ಮಾವ" ಎಂದಳು. "ಇಲ್ಲದಿದ್ರೆ ಯಾರನ್ನೂ ರಸ್ತೆಗಿಳಿಸಲ್ಲ."

ಇದೆಯಪ್ಪ ತಮ್ಮ ಮಸಿ ಹತ್ತಿದ ಕೈ ನೋಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಒಂದು ಚುಚ್ಚುಮಾತು ಸೇರಿಸುತ್ತಿದ್ದರೇನೋ. ಇವಳು ಚಪ್ಪಲಿ ಹಾಕಿಕೊಂಡು, ಅತ್ತೆಯ ಕಾಲು ಮುಟ್ಟಿ, ಮಲಗಿದ ಕೂಸನ್ನು ಹೆಗಲಿಗೆ ಹಾಕಿಕೊಂಡಳಷ್ಟೆ. ಅವಳು ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಕೇಳಿದರು:

"ಅಲ್ಲಮ್ಮಾ, ಲೈಸೆನ್ಸ್ ಪರೀಕ್ಷೇಲಿ ಫೇಲಾದೋರು ಮತ್ತೆ ಬರಬಹುದು ತಾನೆ?"

"ಬರಬಹುದು" ಎಂದಳು ಅವಳು ತಿರುಗಿ. "ಆದ್ರೆ ಅಷ್ಟರಲ್ಲಿ ಗಾಡಿ ಓಡ್ಸಿ ಅಭ್ಯಾಸ ಮಾಡ್ಕೊಂಡು ಬರ್ಬೇಕು. ಬರೀ ಗಾಡಿ ತೊಳೆದು ಒರೆಸಿ ಬಂದ್ರೆ ಪಾಸ್ ಮಾಡಲ್ಲ."

ವ್ಯಾನು ಹೋದ ಮೇಲೆ ಮನೆ ಎಷ್ಟು ಸದ್ದಿಲ್ಲದಾಯಿತೆಂದರೆ, ರಟ್ಟಿನ ಮೂಲೆಗಳ ಗಡಿಯಾರ ನಡೆಯುವುದು ಅಡಿಗೆಮನೆಗೂ ಕೇಳಿಸಿತು. ಮಗ ಸಂಜೆ ಶಟರ್ ಎಳೆದವನೇ ದಿಬ್ಬ ಹತ್ತುತ್ತಿದ್ದ, ರಾತ್ರಿ ಊಟಕ್ಕೆ ಬರುತ್ತಿರಲಿಲ್ಲ. ತಾವು ಹೆದರಿದ್ದೇ ಆಗುತ್ತಿದೆ ಎಂದು ಇದೆಯಪ್ಪನವರಿಗೆ ಕಾಣುತ್ತಿತ್ತು. ಒಂದು ಬೆಳಗ್ಗೆ ಅವರು ಟ್ರಂಕಿನಲ್ಲಿ ಉಳಿದದ್ದನ್ನೆಲ್ಲ ನೆಲಕ್ಕೆ ಸುರಿದು, ಹೆಂಡತಿಯ ಕೈಗೆ ಕತ್ತರಿ ಕೊಟ್ಟು, ನೀನೇ ಒಡೆ, ನನ್ನ ಕೈಲಾಗುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಕೂತರು. ರಟ್ಟು ಹರಿಯುವ ಸದ್ದು ಅವರಿಗೆ ಹಲ್ಲು ಕೀಳಿಸಿಕೊಂಡಂತಿತ್ತು.

ಒಡೆದ ಮೇಲೆ ಗೊತ್ತಾದದ್ದು ಬಹಳ. ಕಾಳಿನ ಡಬ್ಬಿಗಳಿಗೆ ಬೆರಳಿಂದ ಎಳೆಯುವ ಉಂಗುರವಿರಲಿಲ್ಲ, ಡಬ್ಬಿ ಕೊರೆಯುವ ಚೂರಿಯನ್ನು ಯಾರೂ ಇಟ್ಟಿರಲಿಲ್ಲ. ರೇಡಿಯೋದ ಹಿಡಿ ತಿರುಗಿಸಿದರೆ ಕೈ ಸೋಲುವವರೆಗೆ ಮಾತಾಡುತ್ತಿತ್ತು, ಕೈ ಬಿಟ್ಟೊಡನೆ ಮುನಿಸಿಕೊಳ್ಳುತ್ತಿತ್ತು. ಗಾಯದ ಪೆಟ್ಟಿಗೆಯಲ್ಲಿ ಬಟ್ಟೆಯ ಪಟ್ಟಿ ಬೇಕಾದಷ್ಟಿತ್ತು, ಕೂಸಿನ ಜ್ವರಕ್ಕೆ ಒಂದು ಹನಿ ಔಷಧಿ ಇರಲಿಲ್ಲ. ಹೊಸ ಒಲೆ ತಂದು ಹಚ್ಚಿದಾಗ ಕಿಟಕಿಯ ಗಾಳಿಗೆ ಉರಿ ಮಲಗಿಬಿಡುತ್ತಿತ್ತು, ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಕಿಟಕಿ ತೆರೆದೇ ಇಟ್ಟು ಒಲೆಗೆ ಮೂರು ಕಡೆ ತಗಡಿನ ಮರೆ ನಿಲ್ಲಿಸಬೇಕೆಂದು ಕಂಡುಕೊಳ್ಳಲು ಒಂದು ಮಧ್ಯಾಹ್ನವಿಡೀ ಹೋಯಿತು. ದೊಡ್ಡ ಟಾರ್ಚು ಕೆಳಗೆ ಹೋಯಿತು, ಎರಡು ಕೈಯನ್ನೂ ಬಿಡುವಾಗಿಡುವ ತಲೆದೀಪ ಮೇಲೆ ಬಂತು. ಡ್ರಮ್ಮು ಹೋಯಿತು, ಹೆಂಡತಿ ಒಂದೇ ಕೈಯಲ್ಲಿ ಎತ್ತುವಂಥ ಕ್ಯಾನುಗಳು ಬಂದವು. ಅವನ್ನು ಸೋಡಾಪುಡಿ ಹಾಕಿ ತೊಳೆದು, ಬಿಸಿಲಿಗೆ ಬಾಯಿ ತೆರೆದಿಟ್ಟು, ವಾಸನೆ ಹೋಗುವವರೆಗೆ ಇದೆಯಪ್ಪ ನಾಯಿಯಂತೆ ಮೂಸಿ ಮೂಸಿ ನೋಡಿದರು. ತುಂಬಿಟ್ಟ ನೀರನ್ನು ಹಾಗೇ ಬಿಡದೆ, ಕುಡಿದು ಬದಲಾಯಿಸುವುದು ಹೆಂಡತಿಯ ಕಾನೂನು. ಹಾಲಿನ ಪುಡಿಯೂ ಹಾಗೇ, ಹಳೆಯದು ಬಳಕೆಗೆ, ಹೊಸದು ಟ್ರಂಕಿಗೆ.

ಅಂಗಡಿಗೆ ಬಿಡುವಿದ್ದ ದಿನವೆಲ್ಲ ಗಂಡ ಹೆಂಡತಿ ಮೇನ್ ಸ್ವಿಚ್ ಇಳಿಸಿ, ಮಹಡಿಯಲ್ಲಿ ಕೂತು, ಟ್ರಂಕಿನಿಂದಲೇ ಬೇಯಿಸಿ ಉಂಡರು. ಮೊದಲ ಸಲ ಜಗಳವಾಯಿತು, ಎರಡನೇ ಸಲ ಅನ್ನ ಸೀದಿತು, ಆಮೇಲೆ ಅವರಿಗೆ ರೂಢಿಯಾಯಿತು. ಒಲೆಯ ಮೈ ಕಪ್ಪಾಯಿತು, ಕ್ಯಾನಿನ ಹಿಡಿ ಸವೆಯಿತು. ಒಂದು ದಿನ ಯಾರೋ ಬಂದು ಡಬ್ಬಿ ಗ್ಯಾಸಿನ ಒಲೆ ಕೇಳಿದಾಗ, ಖಾನೆ ಖಾಲಿ ಇದ್ದದ್ದು ನೋಡಿ ಇದೆಯಪ್ಪ "ಇಲ್ಲ, ಮುಂದಿನ ವಾರ ಬನ್ನಿ" ಎಂದರು. ಕೇಳಿದವನು ಬೀದಿಯ ಹಳೇ ಗಿರಾಕಿ. ಅವನು ಮೆಟ್ಟಿಲ ಬಳಿ ಹೋಗಿ, ಅಮ್ಮಾವ್ರೇ, ಯಜಮಾನ್ರಿಗೆ ಮೈ ಸರಿಯಿಲ್ವಾ ಎಂದು ಕೂಗಿ ವಿಚಾರಿಸಿದ.

ಹೀಗೆ ದಿನಗಳು ಹೋದಂತೆ ಇದೆಯಪ್ಪನವರಿಗೆ ಒಂದು ಬೇರೆಯೇ ವಿಷಯ ತಿಳಿಯತೊಡಗಿತು. ಟ್ರಂಕು ಪ್ಯಾಕಿಂಗಿನಲ್ಲಿದ್ದಾಗ ಅದರಲ್ಲಿ ಎಷ್ಟಿದೆ ಎಂಬುದಕ್ಕೆ ಕೊನೆಯೇ ಇರಲಿಲ್ಲ, ಇಡೀ ಮಳೆಗಾಲ ಕಳೆಯಬಹುದೆಂಬ ಧೈರ್ಯ. ಬಳಸತೊಡಗಿದ ಮೇಲೆ ಅದರ ತಳ ಕಂಡಿತು. ಇಬ್ಬರು ಮುದುಕರು ಎಚ್ಚರಿಕೆಯಿಂದ ಕುಡಿದರೂ ಒಂದು ಕ್ಯಾನು ಸಂಜೆಯೊಳಗೆ ಹಗುರಾಗುತ್ತಿತ್ತು. ಕೂಸಿನ ಬಟ್ಟೆ ಒಗೆಯುವುದಕ್ಕೆ, ಬಾಟಲಿ ತೊಳೆಯುವುದಕ್ಕೆ ಎಂದು ಲೆಕ್ಕಕ್ಕೆ ತಂದರೆ ಎರಡು ಕ್ಯಾನೂ ಸಾಲುತ್ತಿರಲಿಲ್ಲ. ಡಬ್ಬಿ ಗ್ಯಾಸು ನಾಲ್ಕು ಸಲ ಕುದಿಸುವುದರೊಳಗೆ ಉಸಿರು ಬಿಡುತ್ತಿತ್ತು. ಹೋದ ವರ್ಷ ನೀರು ಇನ್ನೊಂದಿಷ್ಟು ದಿನ ನಿಂತಿದ್ದರೆ ಎಂದು ಅವರು ಇದುವರೆಗೆ ಯೋಚಿಸಿರಲಿಲ್ಲ. ಒಂದು ಮಧ್ಯಾಹ್ನ ಆರಿದ ಒಲೆಯ ಮುಂದೆ ಕೂತು ಯೋಚಿಸಿದರು. ಯೋಚಿಸಿ ಎದ್ದು, ಅಳತೆಯ ಟೇಪು ಜೇಬಿಗೆ ಹಾಕಿಕೊಂಡು, ಯಾರಿಗೂ ಹೇಳದೆ ದಿಬ್ಬ ಹತ್ತಿದರು.

ಎರಡು ದಿನ ಬಿಟ್ಟು, ಮೋಡ ಕಟ್ಟಿದ ಒಂದು ಬೆಳಗ್ಗೆ ಸೊಸೆ ಹೇಳದೆ ಕೇಳದೆ ಬಂದಳು. ಕಂಕುಳಲ್ಲಿ ಕೂಸು, ಹಿಂದೆ ಅಣ್ಣ, ಎಂದಿನಂತೆ ಅರೆನಿದ್ದೆಯಲ್ಲಿ. ಇದೆಯಪ್ಪ ಗಲ್ಲಾದ ಮೇಲೆ ಕೂತಿದ್ದವರು ಎದ್ದೇಬಿಟ್ಟರು. ಕೂಸು ಅವರನ್ನು ನೋಡಿ ಯಾರಿವರು ಎಂಬಂತೆ ಮುಖ ತಿರುಗಿಸಿತು. ಅದು ಅವರಿಗೆ ಮುಳ್ಳು ಚುಚ್ಚಿದ ಹಾಗಾಯಿತು.

"ಮಾವ, ಮೊನ್ನೆ ಅಣ್ಣನ ಮಂಚದ ಕೆಳಗೆ ಅಳತೆ ತಗೊಂಡು ಹೋದ್ರಂತೆ" ಎಂದಳು ಸೊಸೆ. "ನಾನು ಶಾಲೇಲಿದ್ದೆ. ಇವನು ನಿದ್ದೆಗಣ್ಣಲ್ಲಿ ಕನಸು ಅಂದ್ಕೊಂಡಿದ್ದ, ನಿನ್ನೆ ಹೇಳಿದ. ಏನು ಸಮಾಚಾರ?"

ಇದೆಯಪ್ಪ ಗಿರಾಕಿಗಳತ್ತ ನೋಡಿ, ಮಗನಿಗೆ ಗಲ್ಲಾ ಬಿಟ್ಟುಕೊಟ್ಟು, ಅವಳನ್ನು ಮೆಟ್ಟಿಲ ಹತ್ತಿರ ಕರೆದೊಯ್ದರು. ಹೇಳಬೇಕಾದ್ದನ್ನು ಎಷ್ಟೋ ಸಲ ಮನಸ್ಸಲ್ಲಿ ಹೇಳಿಕೊಂಡಿದ್ದರೂ ಬಾಯಿಗೆ ಬರುವಾಗ ಅದು ತೊದಲಿತು.

"ಇಲ್ಲಿ ಟ್ರಂಕಲ್ಲಿರೋದು ದೋಣಿ ಬರೋವರೆಗೆ ಸಾಕಮ್ಮ. ಆಮೇಲೆ ಸಾಲಲ್ಲ. ನಾನು ತಿಂದು ನೋಡಿದ್ದೀನಿ, ಸಾಲಲ್ಲ. ಅದಕ್ಕೆ ಅರ್ಧ ಸಾಮಾನು ನಿಮ್ಮಣ್ಣನ ಮನೇಲಿಟ್ಟು, ಹೊಳೆ ಏರಿತು ಅಂತ ಒಡ್ಡಿನ ಕಾವಲುಗಾರ ಮೊದಲ್ನೇ ಸಲ ಸೈರನ್ ಊದಿದ ತಕ್ಷಣ ಎಲ್ಲರೂ ಅಲ್ಲಿಗೆ ಹೋಗಿಬಿಡೋದು ಅಂತ."

"ಎಲ್ಲರೂ ಅಂದ್ರೆ?"

"ನೀನು, ಕೂಸು, ನಿಮ್ಮತ್ತೆ, ಮಗ."

ಸೊಸೆ ಕಾದಳು. ಕಲಿಯುವವರು ತಿರುವಿನಲ್ಲಿ ತಬ್ಬಿಬ್ಬಾದಾಗ ಕಾಯುವುದು ಅವಳ ವೃತ್ತಿಯೇ ಆಗಿತ್ತು. ಇದೆಯಪ್ಪ ಅಂಗಡಿಯೊಳಗೆ ಕಣ್ಣಾಡಿಸಿದರು. ಮೊಳೆಯ ಡಬ್ಬಿಗಳ ಸಾಲು, ಸೂರಿನಿಂದ ನೇತಾಡುವ ಬಕೆಟ್ಟುಗಳು, ಮೂವತ್ತು ವರ್ಷ ಮೊಳಕೈ ಊರಿ ನುಣುಪಾದ ಗಲ್ಲಾದ ಹಲಗೆ.

"ನಾನೂನು" ಎಂದರು ಕೊನೆಗೆ. "ನಾನು ಕೂತ್ರೆ ಇವನು ಕೂರ್ತಾನೆ, ಇವನು ಕೂತ್ರೆ ನೀನು ಕೂರ್ತೀಯ. ಮಾಲು ನೆನೆದ್ರೆ ಒಣಗಿಸಿ ಅರ್ಧ ಬೆಲೆಗೆ ಮಾರೋಣ, ಬಿಡು."

"ಶಟರ್‌ಗೆ ಬೀಗ ಹಾಕಿ ಬರ್ತೀನಿ, ನೀವು ಮುಂದೆ ನಡೀರಿ ಅನ್ನೋ ಹಾಗಿಲ್ಲ."

"ಬೀಗ ಹಾಕೋಷ್ಟು ಹೊತ್ತಾದ್ರೂ ಕೊಡಮ್ಮ."

"ಬೀಗಕ್ಕೆ ಮಾತ್ರ" ಎಂದಳು ಸೊಸೆ.

ಅಷ್ಟರಲ್ಲಿ ಅಣ್ಣ ಆಕಳಿಸುತ್ತ, ನಮ್ಮ ಮನೆಯಲ್ಲಿ ಜಾಗ ಎಲ್ಲಿದೆ, ಮಂಚದ ಕೆಳಗೆ ಹಿಟ್ಟಿನ ಮೂಟೆಗಳಿವೆ ಎಂದು ತಕರಾರು ತೆಗೆದರು. ಇದೆಯಪ್ಪ ಟೇಪಿನ ಲೆಕ್ಕ ಒಪ್ಪಿಸಿದರು, ಮೂಟೆಯನ್ನು ಅಡ್ಡ ಮಲಗಿಸದೆ ನಿಲ್ಲಿಸಿದರೆ ಇನ್ನೊಂದು ಟ್ರಂಕು ಸರಾಗವಾಗಿ ಕೂರುತ್ತದೆ, ಮೂಟೆಗೆ ಇಲಿಕಾಟವೂ ತಪ್ಪುತ್ತದೆ. ಓಹೋ, ನಮ್ಮ ಮಂಚದ ಕೆಳಗೆ ಬ್ರಾಂಚ್ ಆಫೀಸ್ ತೆಗೀತಿದ್ದೀರಿ ಅನ್ನಿ ಎಂದರು ಅಣ್ಣ. ಆದರೆ ಆ ಮಾತಿನಲ್ಲಿ ಬೇಡ ಎಂಬುದು ಇರಲಿಲ್ಲ. ಬೀಗರು ಬ್ರಾಂಚಿನಿಂದ ಮಾಲು ಮಾರದೇ ಇದ್ದರೆ ಸರಿ ಎಂದು ಮೆಟ್ಟಿಲ ಮೇಲಿನಿಂದ ಹೆಂಡತಿಯ ದನಿ ಬಂತು.

ಮಾತು ಮುಗಿಯಿತೆಂದು ಇದೆಯಪ್ಪ ಅಂದುಕೊಂಡಿದ್ದರು. ಮುಗಿದಿರಲಿಲ್ಲ. ಸೊಸೆ ಮೇಲೆ ಹೋದವಳೇ ಮೇನ್ ಸ್ವಿಚ್ ಇಳಿಸಿದಳು. "ಕೂಸಿಗೆ ಹಸಿವಾಗೋ ಹೊತ್ತಾಯ್ತು ಮಾವ" ಎಂದಳು, ಅಷ್ಟೆ.

ಇದೆಯಪ್ಪ ಕೈ ತೊಳೆದರು. ಟ್ರಂಕು ತೆರೆದು ಒಲೆ ತೆಗೆದರು, ಕಿಟಕಿ ತೆರೆದರು, ತಗಡಿನ ಮರೆ ನಿಲ್ಲಿಸಿದರು, ಕ್ಯಾನಿನಿಂದ ನೀರು ಸುರಿದು ಪಾತ್ರೆಗೆ ಮುಚ್ಚಳ ಮುಚ್ಚಿದರು. ಹೆಂಡತಿ ನಡುವೆ ಬಾಯಿ ಹಾಕಲಿಲ್ಲ, ಸೊಸೆ ಕೈ ಹಾಕಲಿಲ್ಲ. ಕುದಿಯುವ ಸದ್ದು ಬಂದ ಮೇಲೂ ಅವರು ಅವಸರಿಸದೆ ಕಾದು, ಬಾಟಲಿಗೂ ಅದರ ಮೂತಿಗೂ ಬಿಸಿನೀರು ಹಾಯಿಸಿ, ಪುಡಿ ಅಳೆದು ಕಲಸಿ, ಬಾಟಲಿಯನ್ನು ತಣ್ಣೀರಿನ ಬಟ್ಟಲಲ್ಲಿ ತಿರುಗಿಸಿ, ಮುಂಗೈಗೆ ಎರಡು ಹನಿ ಬಿಟ್ಟುಕೊಂಡು ನೋಡಿದರು. ಅಷ್ಟು ಹೊತ್ತೂ ಕೂಸು ಕಪ್ಪು ಮಸಿಯ ಒಲೆಯನ್ನೇ ನೋಡುತ್ತಿತ್ತು. ಅಳಲು ಅದಕ್ಕೆ ಪುರಸೊತ್ತಾಗಲಿಲ್ಲ.

ಅವರು ಬಾಟಲಿಯನ್ನು ಸೊಸೆಗೆ ಚಾಚಿದರು. ಅವಳು ಬಾಟಲಿ ತೆಗೆದುಕೊಳ್ಳಲಿಲ್ಲ, ಕೂಸನ್ನೇ ಅವರ ತೊಡೆಯ ಮೇಲಿಟ್ಟಳು. ಕೂಸು ಈ ಅಪರಿಚಿತರ ಮುಖವನ್ನು ಒಂದು ಸಲ, ಬಾಟಲಿಯನ್ನು ಒಂದು ಸಲ ನೋಡಿ, ಬಾಟಲಿಗೆ ಒಲಿಯಿತು. ಕುಡಿಯುತ್ತ ಕುಡಿಯುತ್ತ ಒಂದು ಕೈಯಿಂದ ಅಜ್ಜನ ಅಂಗಿಯ ಗುಂಡಿ ಹಿಡಿದುಕೊಂಡಿತು.

ಸೊಸೆ ಕಿಟಕಿಯಿಂದ ಬಗ್ಗಿ, ಕೆಳಗೆ ವ್ಯಾನಿಗೆ ಒರಗಿ ತೂಕಡಿಸುತ್ತಿದ್ದ ಅಣ್ಣನನ್ನು ಕೂಗಿದಳು. ಕೂಸಿನ ತೊಟ್ಟಿಲು ಮೊದಲು ತಾ, ಚೀಲಗಳು ಆಮೇಲೆ ಎಂದಳು. ಒಂದು ಚೀಲ ಮಾತ್ರ ಸೈರನ್ ಊದುವ ದಿನಕ್ಕೆ ಅಲ್ಲೇ ನಿನ್ನ ಮನೆಯಲ್ಲೇ ಇರಲಿ ಎಂದಳು. ಹೊರಗೆ ಹನಿ ಬೀಳಲು ಶುರುವಾಗಿತ್ತು. ಇದೆಯಪ್ಪ ಮೇಲೇಳಲು ಹೋಗಿ, ಗುಂಡಿ ಹಿಡಿದ ಕೈ ನೋಡಿ, ಹಾಗೇ ಕೂತರು. ಕಿಟಕಿ ಮುಚ್ಚಲು ಹೆಂಡತಿಗೆ ಹೇಳಿದರು, ಒಲೆ ಪೂರ್ತಿ ಆರಿದೆಯೇ ನೋಡಿ ಮುಚ್ಚು ಎಂದೂ ಸೇರಿಸಿದರು.